ರಷ್ಯದ ಸಾಂಪ್ರದಾಯಿಕ ಹಬ್ಬಗಳು

ರಷ್ಯದ ಹಬ್ಬಗಳ ಚರಿತ್ರೆ ಬಹುಮಟ್ಟಿಗೆ ಅಲ್ಲಿನ ಪಂಚಾಂಗದ ಚರಿತ್ರೆ. ಹದಿನೈದನೆಯ ಶತಮಾನದ ಕೊನೆಯಿಂದ ಅಲ್ಲಿ ವರ್ಷ ಹುಟ್ಟುತ್ತಿದ್ದುದು ಸೆಪ್ಟೆಂಬರ್ 1ರಂದು. ಮೊದಲನೆಯ ಪೀಟರ್ ದೊರೆ 1699ರ ಡಿಸೆಂಬರಿನಲ್ಲಿ ಆಜ್ಞೆ ಹೊರಡಿಸಿ ಅದನ್ನು ಜನವರಿ 1ಕ್ಕೆ ತಂದ. ಬಾಗಿಲಿಗೆ ಪೈನ್, ಫರ್ ಕೊಂಬೆಗಳನ್ನು ಕಟ್ಟಬೇಕು, ಬಾಣಬಿರುಸು ಹಾರಿಸಬೇಕು ಎಂಬುದೂ ಆಜ್ಞೆಯಲ್ಲಿತ್ತು. ಸಂಭ್ರಮಕ್ಕೂ ಸರ್ಕಾರದ ಅಪ್ಪಣೆ! 1918ರಲ್ಲಿ ಬೋಲ್ಶೆವಿಕರು ಜೂಲಿಯನ್ ಪಂಚಾಂಗ ಕೈಬಿಟ್ಟು ಗ್ರೆಗೋರಿಯನ್ ಪಂಚಾಂಗ ಹಿಡಿದಾಗ ಜನವರಿ 31ರ ಮರುದಿನವೇ ಫೆಬ್ರವರಿ 14 ಆಯಿತು. ಆರ್ಥಡಾಕ್ಸ್ ಚರ್ಚು ಮಾತ್ರ ಹಳೆಯ ಲೆಕ್ಕ ಬಿಡಲಿಲ್ಲ. ಹೀಗಾಗಿ ಅಲ್ಲಿ ಕ್ರಿಸ್ಮಸ್ ಜನವರಿ 7ಕ್ಕೆ ಬರುತ್ತದೆ. ಜನವರಿ 13ರ ರಾತ್ರಿ ‘ಹಳೆಯ ಹೊಸವರ್ಷ’ವನ್ನೂ ಆಚರಿಸುವವರಿದ್ದಾರೆ.

ಕ್ರಿಸ್ಮಸ್ಸಿನಿಂದ ಜನವರಿ 19ರ ಕ್ರೆಶ್ಚೇನಿಯೆ ಎಂಬ ಯೇಸುವಿನ ದೀಕ್ಷಾಸ್ನಾನದ ಹಬ್ಬದವರೆಗಿನ ದಿನಗಳಿಗೆ ಸ್ವ್ಯಾತ್ಕಿ ಎಂದು ಹೆಸರು. ವೇಷ ಹಾಕಿ ಮನೆಮನೆಗೆ ಹೋಗಿ ಹಾಡುವುದು, ಮದುವೆಯಾಗದ ಹುಡುಗಿಯರು ಕನ್ನಡಿಯಲ್ಲೋ ಕರಗಿದ ಮೇಣದಲ್ಲೋ ಬರಲಿರುವ ಗಂಡನ ಸುಳಿವು ಹುಡುಕುವುದು ಈ ದಿನಗಳ ರೂಢಿ. ‘ಯೆವ್ಗೆನಿ ಒನೇಗಿನ್’ ಕಾವ್ಯದಲ್ಲಿ ತತ್ಯಾನಾಳ ಕನಸಿಗೆ ಪುಷ್ಕಿನ್ ಆರಿಸಿಕೊಂಡದ್ದು ಈ ಹೊತ್ತನ್ನೇ. ಕ್ರೆಶ್ಚೇನಿಯೆಯಂದು ಹೆಪ್ಪುಗಟ್ಟಿದ ನದಿಯ ಮೇಲೆ ಹೆಚ್ಚಾಗಿ ಶಿಲುಬೆಯಾಕಾರದಲ್ಲಿ ಹೊಂಡ ಕೊರೆದು ಮೂರು ಸಲ ಮುಳುಗಿ ಏಳುತ್ತಾರೆ.

ಗದ್ದಲದಲ್ಲಿ ಮಾಸ್ಲೆನಿತ್ಸಾವನ್ನು ಮೀರಿಸುವ ಹಬ್ಬವಿಲ್ಲ. ಈಸ್ಟರಿಗೆ ಮುಂಚಿನ ಮಹಾ ಉಪವಾಸ ಆರಂಭವಾಗುವ ಮೊದಲಿನ ವಾರವಿದು. ಮಾಂಸ ಆಗಲೇ ನಿಷಿದ್ಧ. ಬೆಣ್ಣೆ, ಹಾಲು, ಮೊಟ್ಟೆಗೆ ಇನ್ನೂ ಅಡ್ಡಿಯಿಲ್ಲ. ಅದಕ್ಕೇ ವಾರವಿಡೀ ಬ್ಲಿನಿ ಎಂಬ ತೆಳುದೋಸೆಯ ಸುಗ್ಗಿ. ಬುಧವಾರ ಅತ್ತೆ ಅಳಿಯನನ್ನು ಊಟಕ್ಕೆ ಕರೆಯುತ್ತಾಳೆ, ಶುಕ್ರವಾರ ಅಳಿಯ ಅತ್ತೆಯನ್ನು ಕರೆದು ಋಣ ತೀರಿಸಬೇಕು. ಭಾನುವಾರ ಚಳಿಗಾಲದ ಹುಲ್ಲುಬೊಂಬೆಗೆ ಬೆಂಕಿಯಿಡುತ್ತಾರೆ, ಅದೇ ದಿನ ಒಬ್ಬರು ಇನ್ನೊಬ್ಬರ ಕ್ಷಮೆ ಬೇಡುತ್ತಾರೆ. ಕ್ಷಮೆ ಚರ್ಚಿನದು, ಬೊಂಬೆಗೂ ಚರ್ಚಿಗೂ ಸಂಬಂಧವಿಲ್ಲ. ಸೈಬೀರಿಯದಲ್ಲಿ ಈ ವಾರ ಹಿಮದ ಕೋಟೆಗೆ ಲಗ್ಗೆ ಹಾಕುತ್ತಿದ್ದ ಆಟವನ್ನು ಸುರಿಕೋವ್ 1891ರಲ್ಲಿ ಚಿತ್ರಿಸಿದ್ದಾನೆ.

ಈಸ್ಟರಿಗೆ ಕುಲಿಚ್ ಎಂಬ ಎತ್ತರದ ಸಿಹಿ ರೊಟ್ಟಿ, ಈರುಳ್ಳಿ ಸಿಪ್ಪೆಯಲ್ಲಿ ಬೇಯಿಸಿ ಕೆಂಪೇರಿಸಿದ ಮೊಟ್ಟೆ. ತ್ರೋಯಿತ್ಸಾ ಎಂಬ ಪವಿತ್ರ ತ್ರಿತ್ವದ ಹಬ್ಬಕ್ಕೆ ಬರ್ಚ್ ಕೊಂಬೆಗಳು, ಜುಲೈಯ ಇವಾನ್ ಕುಪಾಲಾ ರಾತ್ರಿ ಬೆಂಕಿ ಹಾರುವುದು, ಆಗಸ್ಟ್ 19ಕ್ಕೆ ಹೊಸ ಸೇಬಿನ ಪೂಜೆ. ಚಳಿಗಾಲದ ಹೊಸ್ತಿಲಲ್ಲಿ ಯೂರಿಯ ದಿನ ಬರುತ್ತಿತ್ತು. 1497ರ ಕಾನೂನಿನ ಪ್ರಕಾರ ಅದರ ಹಿಂದುಮುಂದಿನ ಒಂದೊಂದು ವಾರದಲ್ಲಷ್ಟೇ ರೈತ ಒಡೆಯನನ್ನು ಬಿಟ್ಟುಹೋಗಬಹುದಿತ್ತು. ಆ ಹಕ್ಕೂ 1649ರ ಸಂಹಿತೆಯೊಂದಿಗೆ ಪೂರ್ತಿ ಇಲ್ಲವಾಯಿತು.

ಸೋವಿಯತ್ ಕಾಲದಲ್ಲಿ, 1929ರಿಂದ, ಕ್ರಿಸ್ಮಸ್ ಕೆಲಸದ ದಿನವಾಯಿತು, ಅದರ ಮರಕ್ಕೂ ಬಹಿಷ್ಕಾರ ಬಿತ್ತು. 1935ರ ಡಿಸೆಂಬರಿನಲ್ಲಿ ಪಕ್ಷದ ನಾಯಕ ಪೋಸ್ತಿಶೆವ್ ‘ಪ್ರಾವ್ದಾ’ದಲ್ಲಿ ಮಕ್ಕಳಿಗೆ ಮರ ಮರಳಿ ಕೊಡಿ ಎಂದು ಬರೆದ ಮೇಲೆ ಅದು ವಾಪಸು ಬಂತು, ಆದರೆ ಹೊಸವರ್ಷದ ಮರವಾಗಿ, ತುದಿಯಲ್ಲಿ ಕೆಂಪು ನಕ್ಷತ್ರ ಹೊತ್ತು. ಉಡುಗೊರೆ ತರುವ ತಾತ ದೇದ್ ಮೊರೋಜ್, ಮೊಮ್ಮಗಳು ಸ್ನೆಗೂರೊಚ್ಕಾ ಇಬ್ಬರೂ ಅದರ ಜೊತೆಯಾದರು. ಕ್ರಿಸ್ಮಸ್ಸಿನ ರಜೆ 1991ರಲ್ಲಿ ಮತ್ತೆ ಸಿಕ್ಕಿತಾದರೂ ದೊಡ್ಡ ಔತಣ ಇಂದಿಗೂ ಡಿಸೆಂಬರ್ 31ರ ರಾತ್ರಿಯದೇ. ಚರ್ಚಿನ ಲೆಕ್ಕದಲ್ಲಿ ಅದು ಕ್ರಿಸ್ಮಸ್‌ಪೂರ್ವದ ಉಪವಾಸದ ಕಾಲ. ಮೇಜಿನ ಮೇಲಿನ ಒಲಿವಿಯೆ ಸಲಾಡಿನಲ್ಲಿರುವ ಮಾಂಸವನ್ನು ಏನು ಮಾಡುವುದೆಂಬುದು ನಿಷ್ಠಾವಂತರ ವಾರ್ಷಿಕ ಪೇಚು.