ನಾಲ್ಕು ಕಾಲಿನ ರಾಜಕುಮಾರರು

ಹಳ್ಳಿಯ ಬಡವನ ಬ್ಯಾಂಕು ಎಲ್ಲಿರುತ್ತೆ? ನಮ್ಮ ಕಡೆಯಾದರೆ ಎರಡು ಕುರಿ, ನಾಲ್ಕು ಕೋಳಿ, ಹೆಂಡತಿಯ ಕಿವಿಯೋಲೆ... ಕೆರಿಬಿಯನ್ ಸಮುದ್ರದ ಹೈಟಿ ದೇಶದ ರೈತನಿಗೆ ಆ ಬ್ಯಾಂಕು ಹಂದಿಯಾಗಿತ್ತು.

ಕ್ರಿಯೋಲ್ ಅಂತ ಕರೆಯುತ್ತಿದ್ದ ಕಪ್ಪು ನಾಟಿ ಹಂದಿ ಅದು. ಬಿದ್ದ ಮಾವಿನಹಣ್ಣು, ಗೆಡ್ಡೆಗೆಣಸು, ಅಡುಗೆಮನೆಯ ಮುಸುರೆ ತಿಂದೇ ಬೆಳೆಯುತ್ತಿತ್ತು. ಅದಕ್ಕಾಗಿ ಯಾರೂ ಕಾಸು ಬಿಚ್ಚುತ್ತಿರಲಿಲ್ಲ. ಮಕ್ಕಳ ಶಾಲೆ ಫೀಜು, ಮದುವೆ, ಕಾಯಿಲೆ, ಸಾವು ಅಂತ ಬಂದಾಗ ಒಂದನ್ನು ಸಂತೆಗೆ ಹೊಡೆದುಕೊಂಡು ಹೋದರೆ ಆಯಿತು.

1978ರಲ್ಲಿ ಪಕ್ಕದ ಡೊಮಿನಿಕನ್ ಗಣರಾಜ್ಯದಲ್ಲಿ ಆಫ್ರಿಕನ್ ಹಂದಿ ಜ್ವರ ಕಾಣಿಸಿಕೊಂಡಿತು. ಆಮೇಲೆ ಗಡಿ ದಾಟಿ ಹೈಟಿಗೂ ಬಂತು. ಮನುಷ್ಯರಿಗೆ ಅಂಟದ, ಆದರೆ ಹಂದಿಗಳ ಪಾಲಿಗೆ ಮಾರಿಯಂಥ ರೋಗ. ಆಗ ಲಸಿಕೆಯೂ ಇರಲಿಲ್ಲ. ತನ್ನ ದೊಡ್ಡ ಹಂದಿ ಉದ್ಯಮಕ್ಕೆ ಎಲ್ಲಿ ತಗುಲುತ್ತೋ ಅಂತ ಅಮೆರಿಕಕ್ಕೆ ಭಯ. ಅದರ ಒತ್ತಾಸೆಯಿಂದ 1982-83ರಲ್ಲಿ ಹೈಟಿಯಲ್ಲಿ ಉಳಿದಿದ್ದ ಹಂದಿಗಳನ್ನು, ಗಟ್ಟಿಮುಟ್ಟಾಗಿದ್ದವನ್ನೂ ಬಿಡದೆ, ಹುಡುಕಿ ಕೊಂದರು. ಪರಿಹಾರದ ಹಣ ಎಷ್ಟೋ ರೈತರ ಕೈಸೇರಲೇ ಇಲ್ಲ.

ಬದಲಿಗೆ ಅಮೆರಿಕದಿಂದ ಬೇರೆ ಹಂದಿಗಳು ಬಂದವು. ಕಾಗದದ ಮೇಲೆ ಲೆಕ್ಕ ಚೆನ್ನಾಗಿಯೇ ಇತ್ತು: ಬೇಗ ಮೈ ತುಂಬುವ ತಳಿ, ಮಾರುಕಟ್ಟೆಗೆ ಹೆಚ್ಚು ಮಾಂಸ. ಆದರೆ ಅವಕ್ಕೆ ಶುದ್ಧ ನೀರು ಬೇಕು, ಸೂರಿರುವ ಗೂಡು ಬೇಕು, ಹೊರಗಿನಿಂದ ತರಿಸಿದ ಫೀಡು ಬೇಕು. ಸಾಕುವವನ ಮನೆಯಲ್ಲೇ ಶುದ್ಧ ನೀರಿಲ್ಲ! ಜನ ಅವುಗಳಿಗೆ 'ನಾಲ್ಕು ಕಾಲಿನ ರಾಜಕುಮಾರರು' ಅಂತ ಹೆಸರಿಟ್ಟರು. ನಗು ಬರುತ್ತದೆ, ಆದರೆ ಫೀಜು ಕಟ್ಟಲಾಗದೆ ಶಾಲೆ ಬಿಟ್ಟ ಮಕ್ಕಳನ್ನು ನೆನೆದರೆ ಆ ನಗು ಉಳಿಯುವುದಿಲ್ಲ. 1986ರಲ್ಲಿ ಡುವಾಲಿಯರ್ ಸರ್ವಾಧಿಕಾರ ಉರುಳಿದ್ದರ ಹಿಂದೆ ಈ ಸಿಟ್ಟೂ ಇತ್ತು ಅನ್ನುವವರಿದ್ದಾರೆ. ಮುಂದೆ ನಾಟಿ ಹಂದಿಯನ್ನೇ ಹೋಲುವ ಬೆರಕೆ ತಳಿಯನ್ನು ತಂದು ಹಂಚಬೇಕಾಯಿತು.

ಗಮನಿಸಿ, ಹೈಟಿಯ ರೈತ ಮೊದಲೂ ಹಂದಿ ಮಾರುತ್ತಿದ್ದ. ತನಗೆ ಬೇಕಾದಾಗ, ಸಾಲವಿಲ್ಲದೆ. ಅವನಿಗೆ ಹೊಸದಾಗಿ ಸಿಕ್ಕಿದ್ದು ಮಾರುಕಟ್ಟೆಯಲ್ಲ, ಖರ್ಚು. ಮಾರುವ ದಿನ ಬರುವ ಮೊದಲೇ ತಿಂಗಳುಗಟ್ಟಲೆ ಕೈಯಿಂದ ಹಾಕಬೇಕಾದ ದುಡ್ಡು.

ಇದೇ ಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲಗಳಿಗೂ ಬಂತು. ಅಲ್ಲೂ ಹಿತ್ತಲಲ್ಲಿ ಎರಡು ಮೂರು ಹಂದಿ ಸಾಕಿಕೊಂಡವರೇ ಹೆಚ್ಚು. ಅಂಥವರ ಕೈಗೆ ಹೊಸ ತಳಿಯ ಮರಿ ಕೊಡುವ ಮುಂಚೆ, ಅದು ಎಷ್ಟು ಕಿಲೋ ತೂಗುತ್ತೆ ಅನ್ನುವುದಕ್ಕಿಂತ ಮೊದಲು, ಅದರ ಫೀಡಿಗೆ ದುಡ್ಡು ಎಲ್ಲಿಂದ ಅಂತ ಕೇಳಬೇಕಲ್ಲವೇ? ನೀವೇನಂತೀರಿ?