ಮಲೆನಾಡು ಮತ್ತು ಕರಾವಳಿಯ ಭೂಹಿಡುವಳಿ

ಪಶ್ಚಿಮ ಘಟ್ಟದ ಎರಡು ಮಗ್ಗುಲುಗಳಲ್ಲಿ ಹಬ್ಬಿರುವ ಶಿವಮೊಗ್ಗ, ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಚಿಕ್ಕಮಗಳೂರು ಹಾಗೂ ಕೊಡಗು ಜಿಲ್ಲೆಗಳಲ್ಲಿ ಭೂಮಿಯ ಹಕ್ಕೆಂಬುದು ಗದ್ದೆಯ ಬದುವಿನಲ್ಲಿಯೇ ಮುಗಿದುಹೋದುದಲ್ಲ. ಆಷಾಢ ಶ್ರಾವಣಗಳ ಮಳೆ ಮಣ್ಣಿನ ಸಾರವನ್ನೆಲ್ಲ ವರ್ಷವರ್ಷವೂ ತೊಳೆದೊಯ್ಯುವ ಈ ಸೀಮೆಯಲ್ಲಿ, ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬಂದು, ಕೊಟ್ಟಿಗೆಯಲ್ಲಿ ಗೊಬ್ಬರವಾಗಿ, ಆ ಗೊಬ್ಬರವು ಅಡಕೆಯ ಬುಡವನ್ನೂ ಭತ್ತದ ಬೇರನ್ನೂ ಸೇರಿದರೆ ಮಾತ್ರ ಬೇಸಾಯವು ನಿಲ್ಲುವುದು. ಆದಕಾರಣ ಗದ್ದೆಯ ಒಡೆತನ, ಗೇಣಿಯ ಕರಾರು, ಬೆಟ್ಟದ ಬಳಕೆ ಇವು ಮೂರೂ ಒಂದರೊಡನೊಂದು ಹೆಣೆದುಕೊಂಡೇ ಬೆಳೆದುವು. ಕರಾವಳಿಯ ಕುಮ್ಕಿ, ಉತ್ತರ ಕನ್ನಡದ ಸೊಪ್ಪಿನ ಬೆಟ್ಟ, ಸೊರಬ ಸಾಗರಗಳ ಕಾನು, ಕೊಡಗಿನ ಬಾಣೆ ಎಂಬ ಹೆಸರುಗಳು ಬೇರೆಬೇರೆಯಾದರೂ ಅವು ಸೂಚಿಸುವ ಸಂಬಂಧ ಒಂದೇ ಬಗೆಯದು. ಈ ಸಂಬಂಧದಲ್ಲಿ ಎಷ್ಟನ್ನು ಯಾವ ಸರ್ಕಾರವು ಲೆಕ್ಕದ ಪುಸ್ತಕಕ್ಕೆ ಏರಿಸಿತು, ಎಷ್ಟನ್ನು ಬರೆಯದೆ ಬಿಟ್ಟಿತು ಎಂಬುದೇ ಇಲ್ಲಿನ ಭೂಹಿಡುವಳಿಯ ಚರಿತ್ರೆಯ ಮುಖ್ಯ ಎಳೆಯೆನ್ನಬೇಕು.

ವಿಜಯನಗರದ ಆರಂಭಕಾಲದಲ್ಲಿ ಹರಿಹರನ ಆಳ್ವಿಕೆಯಲ್ಲಿ ಕರಾವಳಿಯ ಕಂದಾಯವನ್ನು ಗೊತ್ತುಪಡಿಸಲಾಯಿತೆಂಬ ಪ್ರತೀತಿಯನ್ನು ಹತ್ತೊಂಬತ್ತನೆಯ ಶತಮಾನದ ಅಧಿಕಾರಿಗಳು ದಾಖಲಿಸಿದ್ದಾರೆ. ಅದರಂತೆ ಬೆಳೆಯನ್ನು 30 ಪಾಲು ಮಾಡಿದರೆ 15 ಪಾಲು ಉಳುವವನಿಗೆ, ಏಳೂವರೆ ಪಾಲು ಭೂಮಿಯ ಒಡೆಯನಿಗೆ, 5 ಪಾಲು ಅರಮನೆಗೆ, ಉಳಿದ ಎರಡೂವರೆ ಪಾಲು ದೇವರಿಗೂ ಬ್ರಾಹ್ಮಣರಿಗೂ ಸಲ್ಲಬೇಕಾಗಿದ್ದಿತು. ಈ ಪಾಲುಗಳು ಆಚರಣೆಯಲ್ಲಿ ಹಾಗೆಯೇ ನಡೆದುವೆಂದು ಭಾವಿಸಬೇಕಾಗಿಲ್ಲ. ಆದರೂ ಅರಮನೆಗೂ ಉಳುವವನಿಗೂ ನಡುವೆ ಒಡೆಯನೊಬ್ಬನು ಇದ್ದನೆಂಬುದನ್ನೂ, ಉಳುವವನ ಪಾಲು ಅರ್ಧಕ್ಕೆ ಕಡಿಮೆಯಾಗಬಾರದೆಂಬ ಅಳತೆಗೋಲೊಂದು ಜನರ ನೆನಪಿನಲ್ಲಿ ಉಳಿದಿದ್ದಿತೆಂಬುದನ್ನೂ ಇದು ತಿಳಿಸುತ್ತದೆ.

ಘಟ್ಟದ ಮೇಲಣ ನಾಡಿನಲ್ಲಿ ಕಂದಾಯಕ್ಕೆ ಸ್ಥಿರವಾದ ರೂಪವನ್ನಿತ್ತವನು, 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪನಾಯಕ. ಅವನ ಹೆಸರಿನಿಂದಲೇ ಪ್ರಸಿದ್ಧವಾದ ಶಿಸ್ತು ಎಂಬ ಕಂದಾಯವು ಗೊತ್ತಾದ ಬಗೆಯನ್ನು ಪರಂಪರೆಯು ಹೀಗೆ ಹೇಳುತ್ತದೆ: ಊರೂರಿನಲ್ಲಿಯೂ ಒಂದೊಂದು ತರದ ಜಮೀನಿನಿಂದ ಒಂದೊಂದು ಗದ್ದೆಯನ್ನು ಆರಿಸಿ, ಹನ್ನೆರಡು ವರ್ಷಗಳ ಕಾಲ ಅರಮನೆಯ ಖರ್ಚಿನಲ್ಲಿಯೇ ಬೇಸಾಯ ಮಾಡಿಸಿ, ಬಿತ್ತಿದ ಬೀಜ, ತಗುಲಿದ ವೆಚ್ಚ, ಬಂದ ಫಸಲು, ಅದರ ಬೆಲೆ ಇವೆಲ್ಲವನ್ನೂ ಬರೆಯಿಸಿ, ಸರಾಸರಿ ತೆಗೆದು, ಮೂರರಲ್ಲೊಂದು ಪಾಲನ್ನು ಅರಮನೆಗೆ ನಿಗದಿಮಾಡಲಾಯಿತು. ಅಡಕೆಯ ತೋಟಕ್ಕೆ ಸಾವಿರ ಮರಗಳ ಲೆಕ್ಕದಲ್ಲಿ ಶಿಸ್ತು ಬಿದ್ದಿತು. ತೆರಿಗೆ ಹಾಕುವ ಮುನ್ನ ಒಕ್ಕಲಿನ ಖರ್ಚನ್ನು ತಾನೇ ಮಾಡಿ ನೋಡಿದ ಅರಸನ ಈ ಕ್ರಮದಲ್ಲಿ ಒಂದು ನ್ಯಾಯಬುದ್ಧಿಯಿದೆ. ಕೆಳದಿಯವರ ರಾಜಧಾನಿಯಾದ ಬಿದನೂರು ಹೈದರನ ವಶವಾದ 1763ರ ಬಳಿಕವೂ ಮಲೆನಾಡಿನ ರೈತರು ಆ ಶಿಸ್ತನ್ನು ನೆನೆಯುತ್ತಿದ್ದುದು ಅಕಾರಣವಲ್ಲ.

ಶ್ರೀರಂಗಪಟ್ಟಣವು ಬಿದ್ದ 1799ರಲ್ಲಿ ಕರಾವಳಿಯ ಕನ್ನಡ ಜಿಲ್ಲೆಯು ಕಂಪನಿ ಸರ್ಕಾರಕ್ಕೆ ಸೇರಿ, ಥಾಮಸ್ ಮನ್ರೋ ಅದರ ಕಲೆಕ್ಟರನಾಗಿ ಬಂದನು. ಹಳೆಯ ಲೆಕ್ಕಗಳು ಅವನಿಗೆ ಸಿಕ್ಕಿದುದು ಕಡತಗಳಲ್ಲಿ. ಹುಣಿಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಟ್ಟೆಗೆ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕರಿಯ ಪುಸ್ತಕವೇ ಕಡತ. ಈಗ ಕಚೇರಿಗಳಲ್ಲಿ ಬಳಸುವ ಕಡತವೆಂಬ ಮಾತು ಆ ಬಟ್ಟೆಯ ಪುಸ್ತಕದಿಂದ ಬಂದುದು. ಅವುಗಳನ್ನು ಪರಿಶೀಲಿಸಿದ ಮನ್ರೋ, ಇಲ್ಲಿನ ಭೂಮಿಯು ಪುರಾತನ ಕಾಲದಿಂದಲೂ ಕ್ರಯ, ದಾನ, ಅಡವುಗಳಿಗೆ ಒಳಪಟ್ಟ ಖಾಸಗಿ ಸ್ವತ್ತೆಂಬ ನಿರ್ಣಯಕ್ಕೆ ಬಂದನು. ಅದರಿಂದ, ಸರ್ಕಾರಕ್ಕೆ ಕಂದಾಯ ತೆರುವ ಒಡೆಯನಾದ ವರ್ಗದಾರನ ಒಡೆತನವು ಭದ್ರವಾಯಿತು. ಆದರೆ ಅವನ ಕೆಳಗೆ ನೇಗಿಲು ಹಿಡಿದವನ ಸ್ಥಿತಿಯು ಗೇಣಿಚೀಟಿಯ ಮೇಲೆ ನಿಂತಿತು. ಮೂಲಗೇಣಿಯವನು ಗೊತ್ತಾದ ಗೇಣಿಯನ್ನು ತೆತ್ತು ವಂಶಪಾರಂಪರ್ಯವಾಗಿ ಅನುಭವಿಸಬಹುದಾಗಿದ್ದಿತು. ವಾಯಿದೆಗೇಣಿಯವನಿಗೆ ಕರಾರಿನ ಅವಧಿಯಷ್ಟೇ ಆಸರೆ. ಬಹುಸಂಖ್ಯಾತರಾದ ಚಾಲಗೇಣಿಯವರಾದರೋ ಧಣಿಯ ಮನಸ್ಸು ಇರುವವರೆಗೆ ಇದ್ದು, ಅದು ಮುರಿದ ದಿನ ಹೊರಡಬೇಕಾದವರು. ಒಕ್ಕಲೆಬ್ಬಿಸುವುದು ಎಂಬ ಮಾತು ಕನ್ನಡದಲ್ಲಿ ಇಷ್ಟು ಬಳಕೆಯದಾಗಿರುವುದಕ್ಕೆ ಅಂಥ ಮನೆಗಳ ಅನುಭವವೇ ಹಿನ್ನೆಲೆ.

ಅರಣ್ಯದ ವಿಷಯದಲ್ಲಿ ಬ್ರಿಟಿಷ್ ಆಡಳಿತದ ದೃಷ್ಟಿಯು ತೀರ ಬೇರೆಯಾಗಿದ್ದಿತು. ಹಡಗಿಗೂ ರೈಲಿಗೂ ಮರ ಬೇಕಾದಾಗ, ಕೃಷಿಯಾಗದ ನೆಲವೆಲ್ಲ ಸರ್ಕಾರದ್ದೆಂಬ ತತ್ತ್ವವು ಬಲಗೊಂಡಿತು. ಕಾಡು ಕಡಿದು ಸುಟ್ಟು ರಾಗಿ ಬಿತ್ತಿ, ಒಂದೆರಡು ವರ್ಷಗಳ ಮೇಲೆ ಆ ನೆಲವನ್ನು ಮತ್ತೆ ಕಾಡಿಗೆ ಬಿಟ್ಟುಕೊಡುವ ಕುಮರಿ ಬೇಸಾಯವನ್ನು, ಆಗ ಕನ್ನಡ ಜಿಲ್ಲೆಯನ್ನು ಆಳುತ್ತಿದ್ದ ಮದರಾಸು ಸರ್ಕಾರವು 1860ರಲ್ಲಿ ಸರ್ಕಾರಿ ಕಾಡುಗಳಲ್ಲಿ ವಿಶೇಷ ಅಪ್ಪಣೆಯಿಲ್ಲದೆ ನಡೆಸಬಾರದೆಂದು ನಿಷೇಧಿಸಿತು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿ, ಹೊಸ ಮೋಜಣಿಯೂ ಹೊಸ ದರಗಳೂ ಬಂದಾಗ, ಮನ್ರೋ ಕಾಲದ ಕಂದಾಯವನ್ನು ಏರಿಸಲಾಗದೆಂದು ವರ್ಗದಾರರು ನ್ಯಾಯಾಲಯಕ್ಕೆ ಹೋದರು. 1875ರಲ್ಲಿ ಮುಂಬಯಿ ಹೈಕೋರ್ಟು ಅವರ ವಾದವನ್ನು ತಳ್ಳಿಹಾಕಿತು. 1878ರ ಅರಣ್ಯ ಶಾಸನವು ಕಾಡನ್ನು ಕಾದಿಟ್ಟ, ರಕ್ಷಿತ, ಗ್ರಾಮಾರಣ್ಯಗಳೆಂದು ವಿಂಗಡಿಸಿತಾದರೂ, ಮೂರನೆಯದು ಬಹುಮಟ್ಟಿಗೆ ಕಾಗದದ ಮೇಲೆಯೇ ಉಳಿಯಿತು. ಕುಮಟೆಯ ಹತ್ತಿರದ ಹಳಕಾರಿನಲ್ಲಿ 1920ರ ದಶಕದಲ್ಲಿ ರೂಪುಗೊಂಡ ಗ್ರಾಮಾರಣ್ಯ ಪಂಚಾಯಿತಿಯು ಈ ಮಾತಿಗೆ ಅಪವಾದ. ಊರವರೇ ಕಾವಲಿಟ್ಟು, ಊರವರೇ ಹಂಚಿಕೊಂಡು ಕಾಡನ್ನು ಉಳಿಸಿಕೊಂಡ ಆ ಸಂಸ್ಥೆಯು ಇತರ ಊರುಗಳಲ್ಲಿಯೂ ನೆಲೆಗೊಳ್ಳಬಹುದಾಗಿದ್ದಿತೆಂದು ನೆನೆದರೆ ಮನಸ್ಸಿಗೆ ವ್ಯಥೆಯಾಗುತ್ತದೆ.

ಹಾಗಿದ್ದರೂ ಸೊಪ್ಪಿಲ್ಲದೆ ತೋಟವಿಲ್ಲ, ತೋಟವಿಲ್ಲದೆ ಕಂದಾಯವಿಲ್ಲವೆಂಬುದನ್ನು ಸರ್ಕಾರವು ಅರಿಯದಿರಲಿಲ್ಲ. ಆದುದರಿಂದ ಹಕ್ಕೆಂದು ಒಪ್ಪದೆ, ಸೌಲಭ್ಯವೆಂಬ ಮಧ್ಯಮ ಪದದಲ್ಲಿ ಬೆಟ್ಟದ ಬಳಕೆಯನ್ನು ಉಳಿಸಲಾಯಿತು. ಉತ್ತರ ಕನ್ನಡದಲ್ಲಿ ಘಟ್ಟದ ಮೇಲಣ ತೋಟಿಗರಿಗೆ ಎಕರೆಯೊಂದಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಗೊತ್ತುಮಾಡಿಕೊಡಲಾಯಿತು. ದಕ್ಷಿಣ ಕನ್ನಡದಲ್ಲಿ ಹಳೆಯ ವರ್ಗ ಜಮೀನಿನ ಅಂಚಿನಿಂದ 100 ಗಜದೊಳಗಿನ ಸರ್ಕಾರಿ ನೆಲದಲ್ಲಿ ಸೊಪ್ಪು, ಸೌದೆ, ಮೇವುಗಳನ್ನು ಪಡೆಯುವ ಅನುಕೂಲವೇ ಕುಮ್ಕಿ; ಸಹಾಯವೆಂಬರ್ಥದ ಪಾರಸಿಯ ಕುಮಕ್ ಎಂಬುದು ಈ ಹೆಸರಿನ ಮೂಲ. 1834ರಲ್ಲಿ ಬ್ರಿಟಿಷರ ವಶವಾದ ಕೊಡಗಿನಲ್ಲಿ, ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಗದ್ದೆಗೆ 100 ಭಟ್ಟಿ ಅಳತೆಗೆ 5 ರೂಪಾಯಿ, ಸಾಮಾನ್ಯ ಹಿಡುವಳಿಯಾದ ಸಾಗು ಗದ್ದೆಗೆ 10 ರೂಪಾಯಿ ಕಂದಾಯವಿದ್ದು, ಗದ್ದೆಗೆ ಹೊಂದಿಕೊಂಡಂತೆ ಬಾಣೆಯು ಕಂದಾಯವಿಲ್ಲದೆ ಸಲ್ಲುತ್ತಿದ್ದಿತು. ಸೊರಬದ ಕಾನುಗಳ ಕಥೆ ಇನ್ನೂ ಸ್ವಾರಸ್ಯವಾದುದು. ನಿತ್ಯಹರಿದ್ವರ್ಣದ ಆ ದಟ್ಟ ತೋಪುಗಳಲ್ಲಿ ಕಾಡುಮೆಣಸು ಹಬ್ಬುತ್ತಿದ್ದಿತು, ಬೈನೆ ಬೆಳೆಯುತ್ತಿದ್ದಿತು, ಬುಡದಲ್ಲಿ ಒರತೆ ಹುಟ್ಟಿ ಕೆಳಗಿನ ಗದ್ದೆಗೆ ಹರಿಯುತ್ತಿದ್ದಿತು. ಊರವರು ಅವಕ್ಕೆ ಶಿಸ್ತು ತೆತ್ತು, ದೇವರ ಭಯದಿಂದ ಕೊಡಲಿ ಹಾಕದೆ ಕಾಯುತ್ತಿದ್ದರು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಈ ಕಾನುಗಳನ್ನು ಪರಿಶೀಲಿಸಿ ವರದಿ ಬರೆದರು. ಮುಂದೆ ಅನೇಕ ಕಾನುಗಳು ಮರದ ಬೆಲೆಯಿಂದಲೇ ಅಳೆಯಲ್ಪಟ್ಟು, ಊರಿನ ಕೈತಪ್ಪಿ, ಒರತೆಯನ್ನೂ ಕಳೆದುಕೊಂಡುವು.

ಇಪ್ಪತ್ತನೆಯ ಶತಮಾನದಲ್ಲಿ ಕಾಡಿನದು, ಗೇಣಿಯದು ಎಂಬ ಈ ಎರಡು ಅಸಮಾಧಾನಗಳೂ ಬೇರೆಬೇರೆ ದಾರಿಯಲ್ಲಿ ಹೊರಬಿದ್ದುವು. ಅರಣ್ಯದ ಕಟ್ಟುಪಾಡುಗಳನ್ನೂ ಕಂದಾಯದ ಭಾರವನ್ನೂ ಧಿಕ್ಕರಿಸಿ ಉತ್ತರ ಕನ್ನಡದ ಅಂಕೋಲೆ, ಸಿದ್ದಾಪುರಗಳ ರೈತರು 1930ರಿಂದ ಮೊದಲ್ಗೊಂಡು ಕಾಡಿನ ಸತ್ಯಾಗ್ರಹವನ್ನೂ ಕರನಿರಾಕರಣೆಯನ್ನೂ ನಡೆಯಿಸಿದರು. ಜಮೀನು ಮನೆಗಳು ಜಪ್ತಿಯಾದರೂ ಅವರು ಮಣಿಯಲಿಲ್ಲ. ಗೇಣಿಯ ಅನ್ಯಾಯವು ಸಿಡಿದುದು 1951ರ ಏಪ್ರಿಲ್ 18ರಂದು, ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ. ಗೇಣಿಭತ್ತವನ್ನು ಅಳೆಯುವ ಕೊಳಗದ ಗಾತ್ರವೇ ಅಲ್ಲಿನ ವಿವಾದದ ಬೀಜ: ಕೊಡುವಾಗಲೊಂದು, ಕೊಳ್ಳುವಾಗಲೊಂದು ಎಂಬಂತಿದ್ದ ಅಳತೆಯನ್ನು ಒಪ್ಪದ ದೀವರ ಸಮುದಾಯದ ಒಕ್ಕಲುಗಳು ತಮ್ಮನ್ನು ಹೊರಹಾಕಿದ ಗದ್ದೆಗಳಿಗೆ ನೇಗಿಲು ಹೊತ್ತು ಇಳಿದರು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದ್ದರು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷದವರೂ ಜತೆಗೂಡಿದರು. ಜೂನಿನಲ್ಲಿ ರಾಮಮನೋಹರ ಲೋಹಿಯಾರು ಬಂದು ಬಂಧನಕ್ಕೊಳಗಾದರು. ಕೊಳಗವೊಂದರ ಬಾಯಿಯಗಲಕ್ಕಾಗಿ ಜನ ಸೆರೆಮನೆ ಸೇರಿದರೆಂದು ಪಟ್ಟಣದವರಿಗೆ ಆಶ್ಚರ್ಯವಾಗಿರಬಹುದು; ಆದರೆ ಆ ಅಗಲದಲ್ಲಿಯೇ ಒಂದು ಮನೆಯ ಮಳೆಗಾಲದ ಗಂಜಿಯು ಅಡಗಿರುತ್ತಿದ್ದಿತು.

1961ರ ಭೂಸುಧಾರಣಾ ಶಾಸನವು 1965ರ ಅಕ್ಟೋಬರ್ 2ರಂದು ಜಾರಿಗೆ ಬಂದಿತಾದರೂ, ಸ್ವಂತ ಸಾಗುವಳಿಯ ಹೆಸರಿನಲ್ಲಿ ಒಡೆಯನು ಜಮೀನನ್ನು ಹಿಂಪಡೆಯಲು ಅದರಲ್ಲಿ ಎಡೆಯಿದ್ದಿತು. ದೇವರಾಜ ಅರಸರ ಸರ್ಕಾರವು ತಂದ ತಿದ್ದುಪಡಿಯು ಈ ಎಡೆಯನ್ನು ಮುಚ್ಚಿತು. ಗೇಣಿಯ ಜಮೀನೆಲ್ಲವೂ 1974ರ ಮಾರ್ಚ್ 1ರಿಂದ ಸರ್ಕಾರದಲ್ಲಿ ನಿಹಿತವಾಗಿ, ಉಳುತ್ತಿದ್ದವನು ನಮೂನೆ 7ರ ಅರ್ಜಿಯಿಂದ ಅಧಿಭೋಗದ ಹಕ್ಕನ್ನು ಪಡೆಯಬಹುದೆಂದಾಯಿತು. ತಾಲ್ಲೂಕುಗಳಲ್ಲಿ ನ್ಯಾಯಮಂಡಳಿಗಳು ಏರ್ಪಟ್ಟುವು. ಉಪವಿಭಾಗಾಧಿಕಾರಿಯೊಡನೆ ಅಧಿಕಾರಿಗಳಲ್ಲದ ಸದಸ್ಯರೂ ಕುಳಿತು, ಅವರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರೊಬ್ಬರು ಇರಬೇಕೆಂಬ ನಿಯಮವಿದ್ದು, ವಕೀಲರಿಗೆ ಪ್ರವೇಶವಿರಲಿಲ್ಲ. ಓದಲಾರದ ಒಕ್ಕಲೊಬ್ಬನು ತನ್ನ ಧಣಿಯ ಎದುರಿಗೆ ನಿಂತು ತನ್ನ ಬಾಯಿಂದಲೇ ತನ್ನ ಉಳುಮೆಯನ್ನು ನಿವೇದಿಸಿಕೊಂಡ ಆ ದಿನಗಳು ಈ ನಾಡಿನ ಚರಿತ್ರೆಯಲ್ಲಿ ಅಪೂರ್ವವಾದುವು. ಗೇಣಿಯು ಹೆಚ್ಚಾಗಿದ್ದ ಕರಾವಳಿ ಮಲೆನಾಡುಗಳಲ್ಲಿಯೇ ಶಾಸನದ ಫಲವೂ ಹೆಚ್ಚಾಗಿ ದೊರೆಯಿತು. ಆದರೆ ಗೇಣಿಚೀಟಿಯೇ ಇಲ್ಲದೆ ಕೂಲಿಗೆ ದುಡಿದವರಿಗೆ, ವಿಶೇಷವಾಗಿ ದಲಿತ ಕುಟುಂಬಗಳಿಗೆ, ಅದು ಹೆಚ್ಚೇನನ್ನೂ ಕೊಡಲಿಲ್ಲ. ತುಂಡು ಗದ್ದೆಯ ಗೇಣಿಯಿಂದಲೇ ಬದುಕುತ್ತಿದ್ದ ವಿಧವೆಯರಂಥ ಅಲ್ಪ ಒಡೆಯರಿಗೆ ಅದು ನೋವನ್ನೂ ತಂದಿತು.

ಗದ್ದೆಯ ಪ್ರಶ್ನೆಯು ಹೀಗೆ ತಕ್ಕಮಟ್ಟಿಗೆ ಇತ್ಯರ್ಥವಾದರೂ ಬೆಟ್ಟದ ಪ್ರಶ್ನೆಯು ಹಾಗೆಯೇ ಉಳಿಯಿತು. 1964ರ ಭೂಕಂದಾಯ ಶಾಸನವು ಕುಮ್ಕಿ, ಬಾಣೆ, ಬೆಟ್ಟ ಮೊದಲಾದವನ್ನು ಹಳೆಯಂತೆ ಸೌಲಭ್ಯಗಳೆಂದೇ ಕರೆಯಿತು. ಅದೇ ವರ್ಷ ಲಿಂಗನಮಕ್ಕಿಯ ಅಣೆಕಟ್ಟೆಯು ಮುಗಿದು, ಶರಾವತಿಯ ಹಿನ್ನೀರಿನಲ್ಲಿ ಊರು ಗದ್ದೆಗಳನ್ನು ಕಳೆದುಕೊಂಡವರಲ್ಲಿ ಎಷ್ಟೋ ಮಂದಿಯನ್ನು ಕಾಡಿನ ನೆಲದಲ್ಲಿ ನೆಲೆಗೊಳಿಸಲಾಯಿತು. ನಾಡಿಗೆ ಬೆಳಕು ಕೊಟ್ಟ ಆ ಕುಟುಂಬಗಳು ಹಕ್ಕುಪತ್ರಕ್ಕಾಗಿ ಎರಡು ಮೂರು ತಲೆಮಾರುಗಳಿಂದ ಅಲೆಯುತ್ತಿರುವುದು ಅತ್ಯಂತ ಖೇದಕರವಾದ ಸಂಗತಿ. 2006ರ ಅರಣ್ಯ ಹಕ್ಕುಗಳ ಶಾಸನವು ಕಾಡಿನಲ್ಲಿ ವಾಸಿಸುವವರ ಅನುಭೋಗವನ್ನು ಹಕ್ಕೆಂಬ ಹೆಸರಿನಿಂದ ಕರೆಯಿತು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಕಾಡುನೆಲದಲ್ಲಿ ಇದ್ದುದನ್ನು ತೋರಿಸಿದರೆ ಸಾಕು. ಇತರ ಪಾರಂಪರಿಕ ನಿವಾಸಿಗಳಾದರೋ ಮೂರು ತಲೆಮಾರು, ಎಂದರೆ 75 ವರ್ಷಗಳ ವಾಸವನ್ನು ರುಜುವಾತುಪಡಿಸಬೇಕು. ಕುಮರಿಯನ್ನು ನಿಷೇಧಿಸಿದಂದಿನಿಂದ ಯಾವ ಕಡತದಲ್ಲಿಯೂ ಹೆಸರಿಲ್ಲದೆ ಬಾಳಿದ ಮನೆತನಗಳಿಗೆ ಇದು ಸುಲಭವಲ್ಲ. ಈ ವರ್ಗದ ಅರ್ಜಿಗಳಲ್ಲಿ ಬಹುಪಾಲು ತಿರಸ್ಕೃತವಾಗಿವೆ. ಆದರೆ ಈ ಶಾಸನದ ನಿಯಮಗಳು ಸರ್ಕಾರದ ಕಾಗದಪತ್ರಗಳನ್ನು ಮಾತ್ರವೇ ಸಾಕ್ಷ್ಯವೆಂದು ಎಣಿಸುವುದಿಲ್ಲ. ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಳ್ಳಬಹುದು. ಹಳೆಯ ಬಾವಿ, ಮನೆಯ ಅಡಿಪಾಯ, ಸ್ಮಶಾನ, ದೇವರ ಬನ ಇವೂ ಸಾಕ್ಷಿಗಳಾಗಿ ನಿಲ್ಲಬಹುದು. ಅರ್ಜಿಯನ್ನು ಮೊದಲು ಕೇಳಬೇಕಾದವರೂ ತಾಲ್ಲೂಕು ಕಚೇರಿಯವರಲ್ಲ, ಊರಿನ ಗ್ರಾಮಸಭೆಯವರು.