ಪಿನ್ ಕೋಡ್: ಆರು ಅಂಕಿಗಳ ಅರ್ಥವೇನು?

ವಿಳಾಸದ ಕೊನೆಗೆ ಬರೆಯುವ ಆರು ಅಂಕಿಗಳ ಪಿನ್ ಕೋಡ್ ಭಾರತದಲ್ಲಿ 1972ರ ಆಗಸ್ಟ್ 15ರಂದು ಜಾರಿಗೆ ಬಂದಿತು. ಕೇಂದ್ರ ಸಂಪರ್ಕ ಸಚಿವಾಲಯದ ಅಧಿಕಾರಿಯೂ ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್ ಅದರ ರೂವಾರಿ. ಒಂದೇ ಹೆಸರಿನ ಹಲವು ಊರುಗಳು, ಹಲವು ಭಾಷೆಗಳಲ್ಲಿ ಬರೆದ ವಿಳಾಸಗಳು ಅಂಚೆಯ ವಿಂಗಡಣೆಗೆ ತೊಡಕಾಗಿದ್ದವು. ಲಿಪಿ ತಿಳಿಯದಿದ್ದರೂ ಅಂಕಿ ದಾರಿ ತೋರಬೇಕೆಂಬುದೇ ಈ ವ್ಯವಸ್ಥೆಯ ಆಶಯ.

ಅಂಕಿಗಳ ಕ್ರಮ

ಕಾಸರಗೋಡಿನ 671121 ಎಂಬ ಸಂಖ್ಯೆಯನ್ನೇ ನೋಡೋಣ. ಮೊದಲ ಅಂಕಿ 6 ಕೇರಳ, ತಮಿಳುನಾಡುಗಳನ್ನೊಳಗೊಂಡ ವಲಯ; 67 ಉಪವಲಯ; 671 ವಿಂಗಡಣಾ ಜಿಲ್ಲೆ; ಕೊನೆಯ ಮೂರು ಅಂಕಿಗಳು ಬಟವಾಡೆ ಮಾಡುವ ಅಂಚೆ ಕಚೇರಿ. ಒಟ್ಟು ವಲಯಗಳು ಒಂಬತ್ತು. ಒಂಬತ್ತನೆಯದು ಸೇನಾ ಅಂಚೆಗೆ ಮೀಸಲು.

ಈ ವಲಯಗಳು ಭಾಷೆಯ ಗಡಿಯನ್ನು ಅನುಸರಿಸುವುದಿಲ್ಲ. ಹೊಸೂರು (635109) ಕಾಸರಗೋಡಿನಂತೆ 6ರಲ್ಲಿದೆ. ಆದವಾನಿ (518301) ಕರ್ನಾಟಕದ ಊರುಗಳೊಡನೆ 5ನ್ನು ಹಂಚಿಕೊಂಡಿದೆ. ಸೊಲ್ಲಾಪುರ (413001), ಅಕ್ಕಲಕೋಟೆ (413216), ಜತ್ತ (416404) ಹಾಗೂ ಗೋವಾ 4ರಲ್ಲಿವೆ.

ಹೊರದೇಶಗಳಲ್ಲಿ

ಅಮೆರಿಕದ ಜಿಪ್ ಕೋಡ್ 1963ರಲ್ಲಿ ಐದು ಅಂಕಿಗಳೊಂದಿಗೆ ಆರಂಭವಾಯಿತು. 1983ರಲ್ಲಿ ಇನ್ನೂ ನಾಲ್ಕು ಅಂಕಿ ಸೇರಿಸುವ ಅವಕಾಶ ಬಂದಿತು. ಜರ್ಮನಿ, ಶ್ರೀಲಂಕಾ, ನೇಪಾಳಗಳಲ್ಲಿ ಐದು, ಬಾಂಗ್ಲಾದೇಶದಲ್ಲಿ ನಾಲ್ಕು, ಜಪಾನಿನಲ್ಲಿ ಏಳು ಅಂಕಿಗಳಿವೆ. ಬ್ರಿಟನ್ ಮತ್ತು ಕೆನಡಾಗಳಲ್ಲಿ ಅಕ್ಷರವೂ ಅಂಕಿಯೂ ಬೆರೆತಿವೆ. ಸಿಂಗಾಪುರದ ಆರು ಅಂಕಿಗಳು ಕಟ್ಟಡವನ್ನೇ ಗುರುತಿಸುತ್ತವೆ. ಐರ್ಲೆಂಡಿನಲ್ಲಿ 2015ರಿಂದ ಪ್ರತಿಯೊಂದು ವಿಳಾಸಕ್ಕೂ ಪ್ರತ್ಯೇಕ ಸಂಕೇತವಿದೆ. ಹಾಂಗ್‌ಕಾಂಗ್ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್‌ಗಳಲ್ಲಿ ಅಂಚೆ ಸಂಕೇತವೇ ಬಳಕೆಯಲ್ಲಿಲ್ಲ.

ನಮ್ಮ ಮಕ್ಕಳಿಗೆ

ವಿದ್ಯಾರ್ಥಿವೇತನದ ಹಾಗೂ ಪರೀಕ್ಷೆಯ ಅರ್ಜಿಗಳಲ್ಲಿ ಎರಡು ತಪ್ಪುಗಳನ್ನು ನಾವು ಮತ್ತೆ ಮತ್ತೆ ಕಾಣುತ್ತೇವೆ. ತಮ್ಮ ಊರಿನದರ ಬದಲು ಹತ್ತಿರದ ಪೇಟೆಯ ಪಿನ್ ಬರೆಯುವುದು ಒಂದು. ಕಲಿಯುವ ಭಾಷೆ ಕನ್ನಡವೆಂಬ ಕಾರಣಕ್ಕೆ ರಾಜ್ಯದ ಜಾಗದಲ್ಲಿ ಕರ್ನಾಟಕವೆಂದು ಬರೆಯುವುದು ಇನ್ನೊಂದು. ಹೀಗಾದಾಗ ಪತ್ರವು ಸುತ್ತಿ ಬಳಸಿ, ಗಡುವು ಮುಗಿದ ಮೇಲೆ ಮನೆ ಸೇರಬಹುದು.

ಆದ್ದರಿಂದ ತಮ್ಮ ಊರಿಗೆ ಬಟವಾಡೆ ಮಾಡುವ ಅಂಚೆ ಕಚೇರಿ ಯಾವುದೆಂದು ಕೇಳಿ ತಿಳಿದು, ಅದರ ಪಿನ್ ಕೋಡನ್ನು ಪ್ರತಿಯೊಂದು ಮಗುವೂ ಬಾಯಿಪಾಠ ಮಾಡಿಕೊಳ್ಳಲಿ. ಮನೆಗೆ ಬರೆಯುವ ಪತ್ರದ ಮೇಲೆ ಕನ್ನಡದಲ್ಲಿ ವಿಳಾಸ ಬರೆಯಲು ಸಂಕೋಚ ಬೇಡ. ಅಂಚೆ ಕಚೇರಿ ಮತ್ತು ರಾಜ್ಯದ ಹೆಸರನ್ನು ಆ ರಾಜ್ಯದ ಲಿಪಿಯಲ್ಲೋ ಇಂಗ್ಲಿಷಿನಲ್ಲೋ ಜೊತೆಗೆ ಬರೆದು, ಆರು ಅಂಕಿಗಳನ್ನು ಸ್ಫುಟವಾಗಿ ನಮೂದಿಸಿದರೆ ಸಾಕು.